ತೊಟ್ಟಿಲಿರುವ ಮನೆ, ಹೊಸ್ತಿಲಲ್ಲಿ ಬೆಕ್ಕು



ದೊಡ್ಡ ನೈತಿಕ ಪ್ರಶ್ನೆಗಳಿಗೆ ಉತ್ತರ ಹೇಳಲು ಗುರುಗಳಾದ ನಮ್ಮನ್ನು ಸೆಮಿನರಿಯಲ್ಲಿ ವರ್ಷಗಟ್ಟಲೆ ಸಿದ್ಧಪಡಿಸುತ್ತಾರೆ. ಆದರೆ ಧರ್ಮಕೇಂದ್ರದ ಬಾಳಿನಲ್ಲಿ ನಮ್ಮನ್ನು ಸೋಲಿಸುವುದು ಬಹುಪಾಲು ಚಿಕ್ಕ ಪ್ರಶ್ನೆಗಳೇ. ಬಾಗಿಲಲ್ಲಿ ನಿಂತು, ಅರ್ಧ ನಿಮಿಷದಲ್ಲಿ ಕೇಳಿ ಮುಗಿಸುವ ಪ್ರಶ್ನೆಗಳು. ಅಂತಹ ಒಂದು ಪ್ರಶ್ನೆಗೆ ನಾನು ಕೊಟ್ಟ ತಪ್ಪು ಉತ್ತರವನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಆ ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರುಗಳು ಬೇಡ.

ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ, ಒಂದು ಭಾನುವಾರ ಬಲಿಪೂಜೆ ಮುಗಿಸಿ ನಾನು ಬಂಗಾರಪೇಟೆಗೆ ಹೊರಟಿದ್ದೆ. ಅಲ್ಲೊಂದು ಸಭೆಯಿತ್ತು, ಸಮಯ ಮೀರುತ್ತಿತ್ತು. ಮಾರಿಕುಪ್ಪಂ ಕಡೆಯ ಲೈನ್ ಮನೆಯೊಂದರ ತಾಯಿ ನನ್ನನ್ನು ತಡೆದರು. ಮಗಳು ಹೆರಿಗೆಗೆಂದು ತವರಿಗೆ ಬಂದಿದ್ದಾಳೆ, ಮಗುವಿಗೆ ಇಪ್ಪತ್ತು ದಿನ. ಎಲ್ಲಿಂದಲೋ ಬಂದ ಬೀದಿಬೆಕ್ಕೊಂದು ಮನೆಯನ್ನು ಬಿಟ್ಟು ಹೋಗುತ್ತಿಲ್ಲ. ಮಗಳು ಅದಕ್ಕೆ ಅನ್ನ ಹಾಕುತ್ತಾಳೆ. “ಹಸುಗೂಸು ಇರೋ ಮನೆಯಲ್ಲಿ ಬೆಕ್ಕನ್ನ ಇಟ್ಟುಕೊಳ್ಳಬಹುದಾ ಫಾದರ್? ನೀವೇ ಹೇಳಿಬಿಡಿ.”

“ಮಗು ಮುಖ್ಯ ಅಮ್ಮಾ. ಬೆಕ್ಕನ್ನ ಆಚೆ ಕಳಿಸಿ” ಎಂದೆ. ಆಶೀರ್ವಾದ ಮಾಡಿ ಬೈಕ್ ಹತ್ತಿದೆ.

ಸೋಮವಾರ ಮುಂಜಾನೆ ಆ ಮನೆಯ ಮಗ ಬೆಕ್ಕನ್ನು ಗೋಣಿಚೀಲದಲ್ಲಿ ಹಾಕಿಕೊಂಡು ರೈಲು ಹತ್ತಿದ. ಗಣಿ ಮುಚ್ಚಿದ ಮೇಲೆ ನಮ್ಮ ಸಾವಿರಾರು ಯುವಕ ಯುವತಿಯರು ದಿನವೂ ಬೆಂಗಳೂರಿನ ಕೆಲಸಕ್ಕೆ ಹೋಗುವ ದಾರಿಯದು. ಸುಮಾರು ಹದಿನಾರು ಕಿಲೋಮೀಟರ್ ಆಚೆ, ಬಂಗಾರಪೇಟೆ ನಿಲ್ದಾಣದ ಹೊರಗೆ ಚೀಲ ಬಿಚ್ಚಿ, ಮುಂದಿನ ಪ್ರಯಾಣಕ್ಕೆ ಓಡಿದ. ಫಾದರ್ ಹೇಳಿದ್ದಾರೆ ಎಂದಮೇಲೆ ಅವನಿಗೆ ಯಾವ ಅಳುಕೂ ಇರಲಿಲ್ಲ.

ಅಂದು ರಾತ್ರಿ ಆ ಮನೆಯ ಅಟ್ಟದ ಮೇಲಿಂದ ಸಣ್ಣ ಕೂಗು ಕೇಳತೊಡಗಿತು. ಹಳೆಯ ಟ್ರಂಕುಗಳ ಹಿಂದೆ ಮೂರು ಮರಿಗಳಿದ್ದವು. ಬೆಕ್ಕು ಮನೆ ಬಿಡದೆ ಇದ್ದ ಕಾರಣ ಆಗ ಎಲ್ಲರಿಗೂ ತಿಳಿಯಿತು. ಎದೆಗೆ ಕೂಸನ್ನು ಅವುಚಿಕೊಂಡಿದ್ದ ಆ ಬಾಣಂತಿ ಎರಡು ರಾತ್ರಿ ಆ ಕೂಗು ಕೇಳುತ್ತ ನಿದ್ದೆಯಿಲ್ಲದೆ ಕಳೆದಳು. ಗುರುವಾರ ಜ್ಞಾನಸ್ನಾನದ ಸಿದ್ಧತೆಗೆಂದು ನಾನು ಆ ಮನೆಗೆ ಹೋದಾಗ ಎರಡು ಮರಿಗಳು ಸತ್ತಿದ್ದವು. ಅವಳು ನನ್ನನ್ನು ದೂರಲಿಲ್ಲ. “ಅದಕ್ಕೂ ಹಾಲು ಕಟ್ಟಿಕೊಂಡಿರುತ್ತೆ ಅಲ್ವಾ ಫಾದರ್?” ಎಂದಷ್ಟೇ ಕೇಳಿದಳು.

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಗೂಡಿನಲ್ಲಿ ಮರಿಗಳ ಮೇಲೆ ಕುಳಿತ ತಾಯಿಹಕ್ಕಿಯನ್ನು ಮರಿಗಳೊಂದಿಗೆ ಹಿಡಿದೊಯ್ಯಬಾರದೆಂದು ಧರ್ಮೋಪದೇಶಕಾಂಡದ 22ನೇ ಅಧ್ಯಾಯ ವಿಧಿಸುತ್ತದೆ. ಸೆಮಿನರಿಯಲ್ಲಿ ಅದನ್ನು ಓದಿ, ಇಂತಹ ಸಣ್ಣ ವಿಷಯಕ್ಕೂ ದೇವರು ಕಟ್ಟಳೆ ಮಾಡಬೇಕಿತ್ತೇ ಎಂದು ನಾವು ಗೆಳೆಯರು ನಕ್ಕಿದ್ದು ನೆನಪಾಯಿತು.

ಭಯವೂ ತಿಳಿವಳಿಕೆಯೂ

ನಾನು ಹೇಳಿದ “ಮಗು ಮುಖ್ಯ” ಎಂಬ ಮಾತು ಸುಳ್ಳಲ್ಲ. ಈಗಲೂ ಅದನ್ನೇ ಹೇಳುತ್ತೇನೆ. ಆದರೆ ಒಂದು ನಿಜವಾದ ಮಾತಿನಿಂದ ನಾವು ಎಷ್ಟು ಸುಲಭವಾಗಿ ವಿಚಾರ ಮಾಡುವ ಹೊಣೆಯನ್ನೇ ತಪ್ಪಿಸಿಕೊಳ್ಳುತ್ತೇವೆ ಎಂಬುದನ್ನು ಗಮನಿಸಿ. ಮಗುವಿಗೆ ಅಪಾಯವಿದೆಯೇ, ಇದ್ದರೆ ಯಾವುದು, ಅದನ್ನು ತಡೆಯುವ ದಾರಿ ಯಾವುದು ಎಂದು ನಾನು ಕೇಳಲಿಲ್ಲ. ಆ ಮನೆಯವರೂ ಕೇಳಿರಲಿಲ್ಲ.

ಬೆಕ್ಕು ತೊಟ್ಟಿಲಿಗೆ ಹತ್ತಿ ಕೂಸಿನ ಉಸಿರನ್ನು ಹೀರುತ್ತದೆ ಎಂಬ ನಂಬಿಕೆ ಹಲವೆಡೆ ಇದೆ. ಇದು ನಿಜವಲ್ಲ. ಆದರೆ ಈ ಸುಳ್ಳಿನ ಬೆನ್ನಿಗೆ ಒಂದು ನಿಜವಿದೆ. ಬೆಕ್ಕು ಬೆಚ್ಚನೆಯ ಜಾಗವನ್ನು ಹುಡುಕಿ ಮಲಗುವ ಪ್ರಾಣಿ. ಇಪ್ಪತ್ತು ದಿನದ ಕೂಸಿಗೆ ಮುಖಕ್ಕೆ ಅಡ್ಡ ಬಂದದ್ದನ್ನು ಸರಿಸುವ ಶಕ್ತಿಯಿಲ್ಲ. ಆದ್ದರಿಂದ ಮಗು ಮಲಗುವಲ್ಲಿ ಬೆಕ್ಕು ಇರಲೇಬಾರದು. ಅಜ್ಜಿಯ ಕಾರಣ ತಪ್ಪಾಗಿದ್ದರೂ ಎಚ್ಚರ ಸರಿಯೇ.

ಬೀದಿಬೆಕ್ಕಿನಿಂದ ರೇಬಿಸ್ ಬರುವ ಸಾಧ್ಯತೆಯೂ ಇದೆ. ನಮ್ಮ ದೇಶದಲ್ಲಿ ಈ ರೋಗ ಹೆಚ್ಚಾಗಿ ಹರಡುವುದು ನಾಯಿಗಳಿಂದಾದರೂ ಬೆಕ್ಕಿನ ಕಡಿತವನ್ನೂ ಪರಚುವಿಕೆಯನ್ನೂ ಹಗುರವಾಗಿ ಕಾಣಬಾರದು. ಗಾಯವನ್ನು ಸೋಪು ಹಾಕಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಕಾಫಿಪುಡಿ ಮೆತ್ತಿ ಕೂರಬಾರದು. ಬೆಕ್ಕಿನ ಮಲದಿಂದ ಹರಡಬಲ್ಲ ಟಾಕ್ಸೋಪ್ಲಾಸ್ಮಾ ಎಂಬ ಪರೋಪಜೀವಿಯಿಂದ ಗರ್ಭಿಣಿಯ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿಯಾಗಬಹುದು. ಆದರೆ ಮಲ ಹೊರಬಿದ್ದ ಕೂಡಲೇ ಅದು ಸೋಂಕು ಹರಡುವುದಿಲ್ಲ, ಒಂದರಿಂದ ಐದು ದಿನ ಬೇಕು. ಆದುದರಿಂದ ಗರ್ಭಿಣಿಯಲ್ಲದ ಬೇರೊಬ್ಬರು ದಿನವೂ ಶುಚಿಮಾಡಿ ಕೈತೊಳೆದರೆ ಆ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ. ಸರಿಯಾಗಿ ಬೇಯದ ಮಾಂಸ, ತೊಳೆಯದ ತರಕಾರಿಗಳಿಂದಲೂ ಅದೇ ಸೋಂಕು ಬರುತ್ತದೆ ಎಂಬುದನ್ನು ಮಾತ್ರ ನಾವು ಮರೆತಿರುತ್ತೇವೆ.

ಹೀಗೆ ಭಯವನ್ನು ಬಿಡಿಸಿ ನೋಡಿದಾಗ ಅದರಲ್ಲಿ ಒಂದು ಭಾಗ ನಿಜವಾದ ಕರ್ತವ್ಯವೆಂದೂ, ಒಂದು ಭಾಗ ಕಟ್ಟುಕಥೆಯೆಂದೂ, ಉಳಿದದ್ದು ಕೇವಲ ‘ತೊಂದರೆ ಯಾಕೆ’ ಎಂಬ ಸೋಮಾರಿತನವೆಂದೂ ತಿಳಿಯುತ್ತದೆ. ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಅದಕ್ಕೆ ‘ಮಗುವಿಗಾಗಿ’ ಎಂಬ ಹೆಸರಿಟ್ಟಾಗಲೇ ಅನ್ಯಾಯ ಆರಂಭವಾಗುತ್ತದೆ.

ತೊಟ್ಟಿಲ ಬಳಿಯ ಪ್ರಾಣಿಯ ವಿಷಯದಲ್ಲಿ ಅವಸರ ಮಾಡುವುದು ಮನುಷ್ಯರ ಬಹಳ ಹಳೆಯ ದೋಷ. ಪಂಚತಂತ್ರದಲ್ಲಿ ಮಗುವನ್ನು ಹಾವಿನಿಂದ ಕಾಪಾಡಿದ ಮುಂಗುಸಿಯ ಬಾಯಿಯ ರಕ್ತವನ್ನು ನೋಡಿ, ಇದೇ ಮಗುವನ್ನು ಕೊಂದಿತೆಂದು ತಾಯಿ ಅದನ್ನು ಕೊಂದುಬಿಡುತ್ತಾಳೆ. ದೂರದ ಫ್ರಾನ್ಸಿನಲ್ಲೂ ಇದೇ ಕಥೆಯಿತ್ತು. ಅಲ್ಲಿ ಕಾಪಾಡಿದ್ದು ಗಿನ್ನೆಫೋರ್ ಎಂಬ ಬೇಟೆನಾಯಿ, ಅವಸರದಿಂದ ಕೊಂದವನು ಯಜಮಾನ. ಆದರೆ ಅಲ್ಲಿಯ ಜನ ಮುಂದೆ ಆ ನಾಯಿಯನ್ನೇ ಸಂತನೆಂದು ಪೂಜಿಸಿ, ಕಾಯಿಲೆಯ ಮಕ್ಕಳನ್ನು ಅದರ ಸಮಾಧಿಗೆ ಒಯ್ಯತೊಡಗಿದರು. 13ನೇ ಶತಮಾನದಲ್ಲಿ ಬೂರ್ಬೋನಿನ ಸ್ಟೀಫನ್ ಎಂಬ ಡೊಮಿನಿಕನ್ ಗುರು ಅದನ್ನು ತಡೆಯಬೇಕಾಯಿತು. ಮೊದಲು ವಿಚಾರಿಸದೆ ಕೊಲ್ಲುವುದು, ಆಮೇಲೆ ಮಿತಿಯಿಲ್ಲದೆ ಪೂಜಿಸುವುದು: ಪ್ರಾಣಿಗಳೊಡನೆ ನಮ್ಮ ಸಂಬಂಧ ಈ ಎರಡು ತುದಿಗಳ ನಡುವೆಯೇ ಓಲಾಡುತ್ತದೆ.

ಪ್ರೀತಿಗೊಂದು ಕ್ರಮ

ಹಾಗಾದರೆ ಧರ್ಮಸಭೆಯ ಬೋಧನೆ ಏನು?

ಪವಿತ್ರ ಬೈಬಲಿನಲ್ಲಿ ಬೆಕ್ಕಿನ ಹೆಸರು ಬರುವುದು ಒಂದೇ ಕಡೆ. ಅದು ಬಾರೂಕನ ಗ್ರಂಥದ 6ನೇ ಅಧ್ಯಾಯ. ಅಲ್ಲಿಯೂ ಗುಡಿಯ ವಿಗ್ರಹಗಳ ಮೇಲೆ ಹಕ್ಕಿಗಳೊಂದಿಗೆ ಬಂದು ಕೂರುವ ಪ್ರಾಣಿಯಾಗಿ ಮಾತ್ರ. ಆದರೆ ಮನೆಯ ಪ್ರಾಣಿಗಳ ಬಗ್ಗೆ ಬೈಬಲ್ ಮೌನವಾಗಿಲ್ಲ. ಸಬ್ಬತ್ ದಿನದ ವಿಶ್ರಾಂತಿ ಎತ್ತಿಗೂ ಕತ್ತೆಗೂ ಸಲ್ಲಬೇಕೆಂದು ವಿಮೋಚನಾಕಾಂಡ ಹೇಳುತ್ತದೆ. ನೀತಿವಂತನು ತನ್ನ ಪ್ರಾಣಿಯ ಜೀವವನ್ನೂ ಲಕ್ಷಿಸುತ್ತಾನೆಂದು ಜ್ಞಾನೋಕ್ತಿಗಳು ತಿಳಿಸುತ್ತವೆ. ತೊಬೀಯನ ದೂರಪ್ರಯಾಣದಲ್ಲಿ ದೇವದೂತನ ಜೊತೆ ಅವನ ನಾಯಿಯೂ ನಡೆಯುತ್ತದೆ.

ಪ್ರಭು ಯೇಸುವಿನ ಗುಬ್ಬಚ್ಚಿಯ ಮಾತನ್ನು ನೀವು ಬಲ್ಲಿರಿ. ಮತ್ತಾಯನ ಶುಭಸಂದೇಶದಲ್ಲಿ ಒಂದು ಕಾಸಿಗೆ ಎರಡು ಗುಬ್ಬಿಗಳು. ಲೂಕನ ಶುಭಸಂದೇಶದಲ್ಲಿ ಎರಡು ಕಾಸಿಗೆ ಐದು. ಲೆಕ್ಕ ಹಾಕಿದರೆ ಐದನೆಯ ಗುಬ್ಬಿ ಪುಕ್ಕಟೆ ಕೊಟ್ಟದ್ದು, ಅದಕ್ಕೆ ಬೆಲೆಯೇ ಇಲ್ಲ. ಆ ಬೆಲೆಯಿಲ್ಲದ ಐದನೆಯದನ್ನೂ ದೇವರು ಮರೆಯುವುದಿಲ್ಲ ಎನ್ನುತ್ತಾರೆ ಪ್ರಭು. ಅದೇ ಉಸಿರಿನಲ್ಲಿ, ನೀವು ಅನೇಕ ಗುಬ್ಬಿಗಳಿಗಿಂತ ಬೆಲೆಯುಳ್ಳವರೆಂದೂ ಹೇಳುತ್ತಾರೆ. ಮನುಷ್ಯನು ಹೆಚ್ಚು ಎಂಬುದು ಗುಬ್ಬಿಯನ್ನು ಮರೆಯಲು ಕಾರಣವಾಗುವುದಿಲ್ಲ.

ಸಂತ ಅಗಸ್ಟೀನರು ಸದ್ಗುಣವೆಂದರೆ ಪ್ರೀತಿಯ ಕ್ರಮ ಎಂದರು. ಸಂತ ಥಾಮಸ್ ಅಕ್ವಿನಾಸರು ಆ ಕ್ರಮವನ್ನು ಬಿಡಿಸಿ ವಿವರಿಸಿದರು. ನಮಗೆ ಹತ್ತಿರದವರ ಹೊಣೆ ಮೊದಲು. ಆದರೆ ದೂರದವನೊಬ್ಬ ಪ್ರಾಣಾಪಾಯದಲ್ಲಿದ್ದರೆ, ಅಷ್ಟೊಂದು ಕಷ್ಟದಲ್ಲಿಲ್ಲದ ಹತ್ತಿರದವರಿಗಿಂತ ಅವನಿಗೆ ಮೊದಲು ನೆರವಾಗಬೇಕಾಗಬಹುದು ಎಂದೂ ಅವರೇ ಬರೆದರು. ಪ್ರಾಣಿಗಳೊಡನೆ ಮನುಷ್ಯರೊಡನೆ ಇರುವಂತಹ ಸ್ನೇಹ ಸಾಧ್ಯವಿಲ್ಲ ಎಂದ ಅದೇ ಸಂತರು, ಪ್ರಾಣಿಗಳಲ್ಲಿ ಕನಿಕರ ಬೆಳೆಸಿಕೊಂಡವನ ಹೃದಯ ಮನುಷ್ಯರಿಗೂ ಮಿಡಿಯಲು ಸಿದ್ಧವಾಗುತ್ತದೆ ಎಂದರು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2418ನೇ ಪರಿಚ್ಛೇದವೂ ಎರಡೂ ಬದಿಯನ್ನು ಹೇಳುತ್ತದೆ. ಪ್ರಾಣಿಗಳನ್ನು ನಿಷ್ಕಾರಣ ನರಳಿಸುವುದು, ಸಾಯಿಸುವುದು ಮಾನವ ಘನತೆಗೆ ವಿರುದ್ಧ. ಹಾಗೆಯೇ ಮನುಷ್ಯರ ಸಂಕಟ ನೀಗಲು ಸಲ್ಲಬೇಕಾದ ಹಣವನ್ನು ಅವುಗಳ ಮೇಲೆ ಸುರಿಯುವುದೂ ಸಲ್ಲದು.

2022ರ ಜನವರಿ 5ರಂದು ವಿಶ್ವಗುರು ಫ್ರಾನ್ಸಿಸರು, ಮಕ್ಕಳು ಬೇಡವೆಂದು ನಾಯಿ ಬೆಕ್ಕುಗಳನ್ನು ಸಾಕುವ ದಂಪತಿಗಳ ಬಗ್ಗೆ ಕಟುವಾಗಿ ಮಾತಾಡಿದಾಗ ಎಷ್ಟೋ ಜನ ನೊಂದುಕೊಂಡರು. ಅದೇ ಜಗದ್ಗುರುಗಳು 2015ರ ‘ಲೌದಾತೋ ಸಿ’ ಪತ್ರದಲ್ಲಿ, ಇತರ ಜೀವಿಗಳ ಬಗೆಗಿನ ನಮ್ಮ ನಿರ್ದಯತೆ ಇಂದಲ್ಲ ನಾಳೆ ಮನುಷ್ಯರ ಕಡೆಗೂ ತಿರುಗುತ್ತದೆ ಎಂದು ಎಚ್ಚರಿಸಿದ್ದರು. ನಮ್ಮ ಲೈನ್ ಮನೆಗಳಲ್ಲಿ ಮಗುವಿನ ಬದಲು ಬೆಕ್ಕನ್ನು ಸಾಕುವವರಿಲ್ಲ. ಆದ್ದರಿಂದ ನಮಗೆ ತಕ್ಕದ್ದು ಈ ಎರಡನೆಯ ಎಚ್ಚರಿಕೆಯೇ. ಅದು ಎಷ್ಟು ನಿಜವೆಂದು ಆ ಗುರುವಾರವೇ ನನಗೆ ತಿಳಿಯಿತು.

ಜಗುಲಿಯಲ್ಲಿ ಮಲಗಿದ್ದವರು

ನಾನು ಒಳಗೆ ಕುಳಿತು ಮರಿಗಳ ವಿಷಯ ಕೇಳುತ್ತಿದ್ದಾಗ ಹೊರಗೆ ಜಗುಲಿಯಲ್ಲಿ ಯಾರೋ ಕೆಮ್ಮಿದರು. ಆ ಮನೆಯ ಯಜಮಾನರು, ಕೂಸಿನ ತಾತ. ಉಳಿದ ಒಂದು ಮರಿಯನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿಕೊಂಡು, ಔಷಧಿ ಹಾಕುವ ಡ್ರಾಪರಿನಿಂದ ಆಡಿನ ಹಾಲು ಕುಡಿಸುತ್ತಿದ್ದರು. ಅವರ ಪಕ್ಕದಲ್ಲಿ ಚಾಪೆ, ಕಂಬಳಿ, ಒಂದು ತಟ್ಟೆ, ಒಂದು ಲೋಟ ಇದ್ದವು.

“ಅಪ್ಪ ಹೊರಗೆ ಮಲಗೋಕೆ ಶುರು ಮಾಡಿ ಮೂರು ವಾರ ಆಯ್ತು ಫಾದರ್,” ಎಂದಳು ಮಗಳು, ತಗ್ಗಿದ ದನಿಯಲ್ಲಿ. “ಕೆಮ್ಮು ಮಗೂಗೆ ತಗಲುತ್ತೆ ಅಂತ ಅಮ್ಮ ಹೇಳಿದ್ರು.”

ಮೂರು ವಾರ, ಎಂದರೆ ಮಗು ಮನೆಗೆ ಬಂದ ದಿನದಿಂದ. ಬೆಕ್ಕಿಗಿಂತ ಮೊದಲೇ ಆ ಮನೆಯಿಂದ ಒಬ್ಬರು ಹೊರಗೆ ಹೋಗಿದ್ದರು. ಅವರ ವಿಷಯದಲ್ಲಿ ಯಾರೂ ನನ್ನನ್ನು ಕೇಳಿರಲಿಲ್ಲ.

ಪ್ರಿಯರೇ, ನಾನು ಬೆಕ್ಕನ್ನೂ ಮನುಷ್ಯರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಆ ತಾಯಿ ಕೆಟ್ಟವರೂ ಅಲ್ಲ. ಒಂದು ಕೋಣೆ, ಅದರ ಮೂಲೆಯಲ್ಲಿ ಅಡುಗೆ, ಮುಂದೆ ಜಗುಲಿ ಇರುವ ಮನೆಯಲ್ಲಿ ಬಾಣಂತಿ, ಕೂಸು, ದುಡಿಯುವ ಮಗ, ಕೆಮ್ಮುವ ಗಂಡ ಎಲ್ಲರನ್ನೂ ಹೊಂದಿಸಬೇಕಾದ ಹೆಂಗಸು ಅವರು. ಹತ್ತು ಕೋಣೆಗಳಿರುವವರಿಗೆ ಔದಾರ್ಯ ಸುಲಭ. ಬೆಕ್ಕನ್ನು ಬೇರೆ ಕೋಣೆಯಲ್ಲಿಡಿ ಎಂದು ಪುಸ್ತಕಗಳು ಸಲಹೆ ಕೊಡುತ್ತವೆ. ಇರುವುದೇ ಒಂದು ಕೋಣೆಯಾದರೆ? ಬಡವರ ಮನೆಯ ಕಠಿಣ ನಿರ್ಧಾರಗಳನ್ನು ದೂರದಿಂದ ತೀರ್ಮಾನಿಸುವ ಹಕ್ಕು ನಮಗಿಲ್ಲ.

ಆದರೆ ಆ ಕೆಮ್ಮಿನ ಕಥೆಯನ್ನೂ ಬಿಡಿಸಿ ನೋಡಬೇಕಿತ್ತು. ಅವರು 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೂ ನೆಲದಡಿ ದುಡಿದವರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಬಂಡೆ ಕೊರೆಯುವಾಗ ಏಳುವ ಧೂಳು ಶ್ವಾಸಕೋಶದಲ್ಲಿ ಕುಳಿತು ಬರುವ ಸಿಲಿಕೋಸಿಸ್ ರೋಗವನ್ನು ಮಾತ್ರ ಹೆಮ್ಮೆಯಿಂದ ಹೇಳುವಂತಿಲ್ಲ. ಭಾರತದಲ್ಲಿ ಆ ರೋಗ ಮೊದಲು ವರದಿಯಾದದ್ದು ಕೋಲಾರದ ಗಣಿಗಳಿಂದಲೇ. ಸಿಲಿಕೋಸಿಸ್ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಆದರೆ ಅದು ಇರುವವರಿಗೆ ಕ್ಷಯ ಬೇಗ ತಗಲುತ್ತದೆ, ಕ್ಷಯವಾದರೆ ಅಂಟುತ್ತದೆ. ಎಂದರೆ ಆ ತಾಯಿಯ ಭಯ ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಬೇಕಾಗಿದ್ದದ್ದು ಒಂದು ಕಫ ಪರೀಕ್ಷೆ. ಅದಕ್ಕೆ ಸರಕಾರಿ ಆಸ್ಪತ್ರೆಯಲ್ಲಿ ಹಣವನ್ನೂ ಕೇಳುವುದಿಲ್ಲ. ಮೂರು ವಾರ ಆ ಪರೀಕ್ಷೆಯಾಗಿರಲಿಲ್ಲ, ಏಕೆಂದರೆ ಹೊರಗೆ ಹಾಸಿದ ಚಾಪೆಯೇ ಪ್ರಶ್ನೆಗೆ ಉತ್ತರವಾಗಿಬಿಟ್ಟಿತ್ತು.

ಮರುವಾರ ಪರೀಕ್ಷೆಯಾಯಿತು. ಕ್ಷಯವಿಲ್ಲವೆಂದು ತಿಳಿಯಿತು. ಚಾಪೆ ಒಳಗೆ ಬಂತು.

ಕೈ ತೊಳೆದುಕೊಳ್ಳದ ‘ಇಲ್ಲ’

ಈ ಘಟನೆಯಿಂದ ನಾನು ಕಲಿತದ್ದು ಇಷ್ಟು. ಕೆಲವೊಮ್ಮೆ ನಾವು ‘ಇಲ್ಲ’ ಎನ್ನಲೇಬೇಕು. ತೊಟ್ಟಿಲಿರುವ ಮನೆಯಲ್ಲಿ ಮೊದಲ ಹಕ್ಕು ತೊಟ್ಟಿಲಿನದೇ, ಅದರಲ್ಲಿ ಚೌಕಾಸಿಯಿಲ್ಲ. ಆದರೆ ಇಲ್ಲ ಎನ್ನುವುದರಲ್ಲಿ ಎರಡು ಬಗೆ. ಒಂದು, ಪಿಲಾತನಂತೆ ಕೈತೊಳೆದುಕೊಳ್ಳುವ ಇಲ್ಲ. ಹೊರಗೆ ಹಾಕಿದ ಮೇಲೆ ಅದು ಏನಾಯಿತೆಂದು ತಿರುಗಿ ನೋಡುವುದಿಲ್ಲ. ಇನ್ನೊಂದು, ಇಲ್ಲ ಎಂದ ಮೇಲೆಯೂ ಹೊಣೆ ಹೊರುವ ಇಲ್ಲ. ‘ಇಲ್ಲಿ ಜಾಗವಿಲ್ಲ, ಆದರೆ ಎಲ್ಲಿದೆ ಎಂದು ಹುಡುಕೋಣ’ ಎನ್ನುವುದು ಅದು. ನಮ್ಮ ನಿರಾಕರಣೆ ಕಾಳಜಿಯಿಂದ ಬಂದದ್ದೋ ಅನುಕೂಲಕ್ಕಾಗಿ ಬಂದದ್ದೋ ಎಂದು ಪರೀಕ್ಷಿಸಲು ಒಂದೇ ಪ್ರಶ್ನೆ ಸಾಕು: ಇಲ್ಲ ಎಂದ ಮೇಲೆ ನಾನು ಒಂದಿಷ್ಟಾದರೂ ಶ್ರಮಪಟ್ಟೆನೇ? ನಾನು ಪಟ್ಟಿರಲಿಲ್ಲ. ಬೈಕ್ ಹತ್ತಿದ್ದೆ.

ಇಂತಹ ಸಂದರ್ಭ ನಿಮ್ಮ ಮನೆಗೂ ಬರಬಹುದು. ಬಂದಾಗ ಮೊದಲು ಮರಿಗಳಿವೆಯೇ ಎಂದು ನೋಡಿ. ಹಾಲೂಡಿಸುವ ತಾಯಿಯನ್ನು ಮರಿಗಳಿಂದ ಅಗಲಿಸಬೇಡಿ. ಜಗುಲಿಯಲ್ಲೋ ಹಿತ್ತಿಲಲ್ಲೋ ಒಂದು ರಟ್ಟಿನ ಪೆಟ್ಟಿಗೆ, ಹಳೆಯ ಬಟ್ಟೆ ಸಾಕು. ಕೂಸು ಮಲಗುವಲ್ಲಿಗೆ ಅದು ಬಾರದಂತೆ ಬಾಗಿಲು, ಕಿಟಕಿ ಭದ್ರಪಡಿಸಿ. ಅದನ್ನು ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಮಗುವನ್ನು ಎತ್ತಿಕೊಳ್ಳಬೇಡಿ. ಪಶುವೈದ್ಯರಿಗೆ ತೋರಿಸಿ. ಮರಿಗಳಿಗೆ ಮೂರು ತಿಂಗಳಾದಾಗ ರೇಬಿಸ್ ಲಸಿಕೆ ಹಾಕಿಸಿ. ಮುಂದೆ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಬಹುದು. ಇದಾವುದೂ ಆಗದೆಂದರೆ ಸಾಕಬಲ್ಲ ಇನ್ನೊಂದು ಮನೆ ಹುಡುಕಿ. ನೆರೆಹೊರೆಯಲ್ಲಿ, ಅನ್ಬಿಯಂ ಕೂಟದಲ್ಲಿ, ಬಲಿಪೂಜೆಯ ನಂತರ ವಿಚಾರಿಸಿ. ಗೋಣಿಚೀಲ ಮಾತ್ರ ಬೇಡ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆದುಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧವೂ ಹೌದು. ಕಾನೂನಿನ ಮಾತು ಹಾಗಿರಲಿ, ಚೀಲ ಹೊತ್ತು ಹೋಗುವ ಅಣ್ಣನನ್ನು ಮನೆಯ ಚಿಕ್ಕ ಮಕ್ಕಳು ನೋಡುತ್ತಿರುತ್ತಾರೆ. ಬೇಡವಾದದ್ದನ್ನು ಏನು ಮಾಡಬೇಕೆಂದು ಅವರು ಕಲಿಯುವುದು ಹಾಗೆಯೇ. ನಾವು ಮುದುಕರಾದಾಗ ಆ ಪಾಠವನ್ನು ನಮಗೇ ಒಪ್ಪಿಸುತ್ತಾರೆ.

ಪ್ರತಿ ಕ್ರಿಸ್ತಜಯಂತಿಗೆ ನಾವು ಗೋದಲಿ ಕಟ್ಟುತ್ತೇವೆ. 1223ರಲ್ಲಿ ಗ್ರೆಚ್ಚೋ ಎಂಬ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ನಿಜವಾದ ಹುಲ್ಲು, ಎತ್ತು, ಕತ್ತೆಗಳನ್ನು ತರಿಸಿ ಪ್ರಭುವಿನ ಜನನವನ್ನು ಜನರ ಕಣ್ಣಮುಂದೆ ತಂದರು. ಆ ದೃಶ್ಯವನ್ನು ನಾವು ಎಷ್ಟು ನೋಡಿದ್ದೇವೆಂದರೆ ಅದರ ಅರ್ಥವೇ ಸವೆದುಹೋಗಿದೆ. ಅಲ್ಲಿ ಮನೆ ಪ್ರಾಣಿಗಳದ್ದು, ಜಾಗ ಕೇಳಿ ಬಂದದ್ದು ಹಸುಗೂಸು. ಛತ್ರದಲ್ಲಿ ಇಲ್ಲ ಎಂದವರಿಗೂ ನ್ಯಾಯವಾದ ಕಾರಣವಿತ್ತು, ಜಾಗ ನಿಜಕ್ಕೂ ಇರಲಿಲ್ಲ. ಆದರೂ ಎರಡು ಸಾವಿರ ವರ್ಷಗಳಿಂದ ನಾವು ನೆನೆಯುತ್ತಿರುವುದು ಆ ಕಾರಣವನ್ನಲ್ಲ, ಮೇವಿನ ತೊಟ್ಟಿಯಲ್ಲಿ ಸಿಕ್ಕ ಒಂದು ಗೇಣು ಜಾಗವನ್ನು.

ಆ ಗುರುವಾರದ ನಂತರ ಎರಡು ಸಲ ನಾನು ಬಂಗಾರಪೇಟೆ ನಿಲ್ದಾಣದ ಸುತ್ತ ಆ ಬೆಕ್ಕನ್ನು ಹುಡುಕಿದೆ. ಸಿಗಲಿಲ್ಲ. ಉಳಿದ ಮರಿ ಬದುಕಿದೆ, ಲಸಿಕೆಯಾಗಿದೆ, ಜಗುಲಿಯಲ್ಲೇ ಅದರ ವಾಸ. ಕೂಸು ಈಗ ಹೊಸ್ತಿಲವರೆಗೆ ಅಂಬೆಗಾಲಿಟ್ಟು ಬಂದು ಅದನ್ನು ನೋಡಿ ಕೇಕೆ ಹಾಕುತ್ತದೆ. ತಾತ ಹೊಸ್ತಿಲ ಮೇಲೆ ಕುಳಿತು ಇಬ್ಬರನ್ನೂ ಕಾಯುತ್ತಾರೆ, ಒಂದು ಇನ್ನೊಂದನ್ನು ಮುಟ್ಟದಂತೆ.

ನಮ್ಮ ಬಾಗಿಲಲ್ಲಿ ನಿಂತು ಯಾರಾದರೂ ಚಿಕ್ಕ ಪ್ರಶ್ನೆಯೊಂದನ್ನು ಕೇಳಿದಾಗ, ಒಂದು ಕ್ಷಣ ನಿಂತು ಕೇಳುವ ತಾಳ್ಮೆಯನ್ನು ಪ್ರಭು ನಮಗೆಲ್ಲರಿಗೂ, ಮೊದಲು ನನಗೆ, ದಯಪಾಲಿಸಲಿ.